ಹೆಂಚಿನ ಪ್ರಸ್ತಾವ ‘ಟೇಬಲ್’ ಆಯಿತೇ, ಇಲ್ಲವೇ?

ದೊಡ್ಡಪ್ಪ (ಮಂಡ್ಯ): ಪ್ರಸನ್ನ, ಗುಂಪಿಗೆ ನೀನು ಹಾಕಿರುವ ಭಾನುವಾರದ ಸಭೆಯ ನಡಾವಳಿಯನ್ನು ಓದಿದೆ. ನೆಟ್‌ವರ್ಕ್ ಕೈಕೊಟ್ಟಿದ್ದರಿಂದ ಕೊನೆಯ ಭಾಗ ನನಗೆ ಕೇಳಿಸಿರಲಿಲ್ಲ. ತೊಟ್ಟಿಮನೆಯ ಹೆಂಚು ಬದಲಿಸುವ ಪ್ರಸ್ತಾವ ‘ಟೇಬಲ್’ ಆಯಿತೆಂದು ಬರೆದಿದ್ದೀಯೆ, ಸಂತೋಷ. ಪಡಸಾಲೆಯ ಮೇಲಿನ ರೀಪುಗಳಿಗೆ ಗೆದ್ದಲು ಹಿಡಿದು, ಬೆರಳಿಂದ ಒತ್ತಿದರೆ ಪುಡಿ ಉದುರುತ್ತಿರುವುದರಿಂದ, ಮುಂಗಾರಿಗೆ ಮೊದಲೇ ಕೆಲಸ ಮುಗಿಸೋಣವೆಂದು ಬಡಗಿಗೆ ಇಂದೇ ಬರಹೇಳಿದ್ದೇನೆ.

ಪ್ರಸನ್ನ (ಡಲ್ಲಾಸ್): ದೊಡ್ಡಪ್ಪ, ದಯವಿಟ್ಟು ಬಡಗಿಗೆ ಮುಂಗಡ ಕೊಡಬೇಡಿ. ಟೇಬಲ್ ಆಯಿತೆಂದರೆ ಸದ್ಯಕ್ಕೆ ಬದಿಗಿಟ್ಟೆವು ಎಂದರ್ಥ. ಖರ್ಚಿನ ಅಂದಾಜು ಪಟ್ಟಿ ಬಾರದೆ ಒಪ್ಪಿಗೆ ಕೊಡುವುದು ಬೇಡವೆಂದು ಹೆಚ್ಚಿನವರು ಹೇಳಿದರು.

ದೊಡ್ಡಪ್ಪ: ಇದು ಯಾವ ಸೀಮೆಯ ಇಂಗ್ಲಿಷಪ್ಪಾ? ವಿಧಾನಸಭೆಯಲ್ಲಿ ವರದಿ ಟೇಬಲ್ ಆಯಿತೆಂದು ಪತ್ರಿಕೆಯಲ್ಲಿ ಬಂದರೆ, ಸಚಿವರು ಅದನ್ನು ಮಂಡಿಸಿದರೆಂದು ತಿಳಿಯುತ್ತೇವೆಯೇ ಹೊರತು ಮೂಲೆಗೆ ಸೇರಿಸಿದರೆಂದು ಯಾರೂ ತಿಳಿಯುವುದಿಲ್ಲ. ಜೀವಮಾನವೆಲ್ಲ ಸರ್ಕಾರಿ ಕಡತ ತಿರುವಿದವನಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಭಾವ (ಮೈಸೂರು): ಮಾವನವರೇ, ಇಬ್ಬರ ಮಾತಿಗೂ ಆಧಾರವಿದೆ. ಬ್ರಿಟಿಷರಲ್ಲಿಯೂ ನಮ್ಮಲ್ಲಿಯೂ ಟೇಬಲ್ ಮಾಡುವುದೆಂದರೆ ವಿಷಯವನ್ನು ಚರ್ಚೆಗೆ ತರುವುದು. ಅಮೆರಿಕದಲ್ಲಿ ಅದನ್ನು ಚರ್ಚೆಯಿಂದ ತೆಗೆದಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾ ಮುಖ್ಯಸ್ಥರು ಇದೇ ಕ್ರಿಯಾಪದದ ಮೇಲೆ ಬಹಳ ಹೊತ್ತು ವಾದಿಸಿ, ಕೊನೆಗೆ ಎರಡೂ ಕಡೆಯವರು ಬಯಸುತ್ತಿರುವುದು ಒಂದನ್ನೇ ಎಂದು ಕಂಡುಕೊಂಡರೆಂದು ಚರ್ಚಿಲ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇನ್ನೊಂದು ಮಾತು, ಕಡತದ ವಿಚಾರ ಬಂದದ್ದರಿಂದ ಹೇಳುತ್ತಿದ್ದೇನೆ: ಪತ್ರಿಕೆಗಳು ಮಸೂದೆಯನ್ನೂ ಟೇಬಲ್ ಮಾಡಿದರೆಂದು ಬರೆಯುತ್ತವೆಯಾದರೂ, ನಮ್ಮ ಸಂಸತ್ತಿನ ಪರಿಭಾಷೆಯಲ್ಲಿ ಸದನದ ಮೇಜಿನ ಮೇಲೆ ಇಡುವುದು ವರದಿ ಮತ್ತು ಕಾಗದಪತ್ರಗಳನ್ನು, ಮಸೂದೆಗೆ ಬಳಸುವ ಪದ ‘ಇಂಟ್ರೊಡ್ಯೂಸ್’.

ದೊಡ್ಡಪ್ಪ: ಅಳಿಯಂದಿರೇ, ಹಾಗಾದರೆ ಮಂಡ್ಯದಲ್ಲಿರುವ ಮನೆಗೆ ಮಂಡ್ಯದ ಅರ್ಥವೇ ನಡೆಯಬೇಕು.

ಪ್ರಸನ್ನ: ಸಭೆಯಲ್ಲಿ ಆದ ತೀರ್ಮಾನ ಪದದ ಅರ್ಥದೊಂದಿಗೆ ಬದಲಾಗುವುದಿಲ್ಲ, ದೊಡ್ಡಪ್ಪ. ಇಲ್ಲಿಯ ಬಹಳಷ್ಟು ಸಂಘಸಂಸ್ಥೆಗಳು ಹೆನ್ರಿ ರಾಬರ್ಟ್ ಎಂಬ ಸೇನಾ ಎಂಜಿನಿಯರ್ 1876ರಲ್ಲಿ ಪ್ರಕಟಿಸಿದ ಸಭಾ ನಿಯಮಗಳನ್ನು ಅನುಸರಿಸುತ್ತವೆ. ನಾನು ಆ ರೂಢಿಯಂತೆ ಬರೆದೆ.

ಶೈಲಕ್ಕ (ಮೈಸೂರು): ಆ ನಿಯಮವನ್ನೇ ಹಿಡಿದು ನೋಡೋಣ. ಕೈಲಿರುವ ವಿಷಯಕ್ಕಿಂತ ತುರ್ತಾದದ್ದೇನಾದರೂ ಎದುರಾದಾಗ, ಕೈಲಿರುವುದನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡಲು ಮಾತ್ರ ಮೇಜಿನ ಮೇಲಿಡುವ ಸೂಚನೆಯನ್ನು ಬಳಸಬೇಕೆಂದು ರಾಬರ್ಟರ ನಿಯಮಗಳು ಹೇಳುತ್ತವೆ. ಅದರ ಮೇಲೆ ಚರ್ಚೆಗೂ ಅವಕಾಶವಿಲ್ಲ, ಮತ್ತೆ ಕೈಗೆತ್ತಿಕೊಳ್ಳುವ ದಿನವೂ ಅದರಲ್ಲಿ ಗೊತ್ತಾಗಿರುವುದಿಲ್ಲ. ಅಂದಾಜು ಪಟ್ಟಿಗಾಗಿ ಕಾಯುವುದಾದರೆ ಇಂಥ ದಿನಕ್ಕೆ ಮುಂದೂಡಿದೆವೆಂಬ ಬೇರೆ ಸೂಚನೆಯೇ ಅಲ್ಲಿದೆ. ನಿಮ್ಮ ಅಮೆರಿಕದ ಪ್ರತಿನಿಧಿ ಸಭೆಯಲ್ಲಂತೂ ಟೇಬಲ್ ಆದ ವಿಷಯ ಅಲ್ಲಿಗೆ ಮುಗಿದಂತೆಯೇ ಲೆಕ್ಕ. ಮಳೆ ಬಂದರೆ ತೊಟ್ಟಿಯ ಸುತ್ತ ಪಾತ್ರೆ ಜೋಡಿಸುವವರು ದೊಡ್ಡಮ್ಮ. ಅವರಿಗೆ ಈ ಮೂರರಲ್ಲಿ ಯಾವುದನ್ನು ಹೇಳಲಿ?

ಪ್ರಸನ್ನ: ಮುಂದೂಡಿದ್ದೇವೆಂದೇ ಹೇಳಿ, ಅಕ್ಕ. ಆದರೆ ದಿನ ಗೊತ್ತುಮಾಡಲು ಯಾರೂ ಅಂದು ಸೂಚಿಸಲಿಲ್ಲ. ಇಲ್ಲದ ದಿನವನ್ನು ನಡಾವಳಿಯಲ್ಲಿ ಹೇಗೆ ಸೇರಿಸಲಿ?

ದೊಡ್ಡಪ್ಪ: ಈಗ ನಾನು ಸೂಚಿಸುತ್ತಿದ್ದೇನೆ, ಬರುವ ಭಾನುವಾರ.

ಭಾವ: ನನ್ನ ಅನುಮೋದನೆಯಿದೆ. ಹಳೆಯ ಸಾಲನ್ನು ತೆಗೆದು, ಪ್ರಸ್ತಾವಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲವೆಂದು ಕನ್ನಡದಲ್ಲಿಯೇ ಬರೆದು, ಇಂದಿನ ಸೂಚನೆಯನ್ನು ಕೆಳಗೆ ಪ್ರತ್ಯೇಕವಾಗಿ ಸೇರಿಸಿದರೆ ಸಾಕು.

ಪ್ರಸನ್ನ: ಆಗಲಿ, ಸಂಜೆಯೊಳಗೆ ಹಾಕುತ್ತೇನೆ. ಬಡಗಿ?

ದೊಡ್ಡಪ್ಪ: ಬಂದಿದ್ದಾನೆ. ಮುಂಗಡ ಕೊಟ್ಟಿಲ್ಲ, ಅಳತೆ ತೆಗೆಸುತ್ತಿದ್ದೇನೆ. ರೀಪಿಗೆಷ್ಟು, ಹೆಂಚಿಗೆಷ್ಟು, ಕೂಲಿಗೆಷ್ಟು ಎಂದು ಬೇರೆಬೇರೆಯಾಗಿ ಬರೆಸಿ ಗುಂಪಿಗೆ ಹಾಕುತ್ತೇನೆ; ಭಾನುವಾರದ ತನಕ ಓದಲು ಎಲ್ಲರಿಗೂ ಸಮಯವಿದೆ.