12 ಎಕರೆ ತೋಟ, ಬ್ಯಾಣ ನೋಡ್ಕೊಳಕ್ಕೆ ಮೊದ್ಲು ಯಾವ ಮಿಷನ್? ಅನುಭವ ಇರೋರು ಹೇಳಿ

ತೀರ್ಥಹಳ್ಳಿ ಹತ್ರ ನಮ್ದು 12 ಎಕರೆ ಇದೆ. ಅಡಿಕೆ 5, ಗದ್ದೆ 2, ಉಳಿದಿದ್ದು ಬ್ಯಾಣ (ಹುಲ್ಲು, ಕುರುಚಲು ಬೆಳೆಯೋ ಜಾಗ), ಧರೆ (ಕಡಿದಾದ ಮಣ್ಣಿನ ಏರು), ಮನೆಗೆ ಬರೋ ಮಣ್ಣು ರಸ್ತೆ. ಅಪ್ಪಯ್ಯಂಗೆ ಈಗ ಇಳಿಜಾರಲ್ಲಿ ಓಡಾಡಕ್ಕೆ ಆಗಲ್ಲ, ನಾನು ಬೆಂಗ್ಳೂರಿಂದ ವಾಪಸ್ ಬಂದಿದೀನಿ, ಕೆಲಸಕ್ಕೆ ಜನ ಸಿಗ್ತಿಲ್ಲ. ನೋಡಿದೋರೆಲ್ಲ ಮಿನಿ ಟ್ರ್ಯಾಕ್ಟರ್ ತಗೊ ಅಂತಾರೆ. ದುಡ್ಡು ಹಾಕೋ ಮುಂಚೆ ಕೇಳ್ತಿದೀನಿ, ನೀವಾದ್ರೆ ಏನು ತಗೊಳ್ತಿದ್ರಿ?

ಹೊಸನಗರದಿಂದ:
ಟ್ರ್ಯಾಕ್ಟರ್ ಕೊನೆಗೆ ಇಟ್ಕೊಳಿ ಮಾರಾಯ್ರೆ. ಮೊದ್ಲು ಮಳೆಗಾಲದಲ್ಲಿ ಜಾಗ ಪೂರ್ತಿ ಒಂದ್ಸಲ ನಡ್ಕೊಂಡು ನೋಡಿ, ಎಲ್ಲಿ ಚಕ್ರ ಹೋಗುತ್ತೆ ಎಲ್ಲಿ ಕಾಲು ಮಾತ್ರ ಹೋಗುತ್ತೆ ಅಂತ ಗೊತ್ತಾಗುತ್ತೆ. ಪುಸ್ತಕದಲ್ಲಿ ಮರದಿಂದ ಮರಕ್ಕೆ 9 ಅಡಿ ಅಂತ ಇದ್ರೂ ಅಜ್ಜನ ಕಾಲದ ತೋಟದಲ್ಲಿ ಅಷ್ಟು ಸಿಗಲ್ಲ, ಮೇಲಿಂದ ಸಾಲಿನ ನಡುವೆ ಕಪ್ಪು (ನೀರು ಹೋಗೋ ಕಾಲುವೆ) ಬೇರೆ, ಅದನ್ನ ದಾಟ್ಸೋದು ಹೆಂಗೆ? ಹೋದ್ರೂ ರೋಟವೇಟರ್ ಹೊಡೀಬೇಡಿ. ಅಡಿಕೆ ಬೇರು ಜಾಸ್ತಿ ಇರೋದು ಮೇಲ್ಮಣ್ಣಲ್ಲೇ, ಬೇರೂ ಕಡಿಯುತ್ತೆ, ಸಡಿಲ ಆದ ಮಣ್ಣು ಜೂನ್ ಮಳೆಗೆ ಹಳ್ಳ ಸೇರುತ್ತೆ. ಕಳೆ ಕೊಚ್ಚಿ ಅಲ್ಲೇ ಬಿಡೋದು ಒಳ್ಳೇದು, ಗೊಬ್ಬರ ಆಗುತ್ತೆ, ಮಣ್ಣೂ ನಿಲ್ಲುತ್ತೆ. 2 ಎಕರೆ ಗದ್ದೆಗೆ ಟಿಲ್ಲರ್ ಬಾಡಿಗೆಗೆ ಕರೆಸಿ, ಸಾಕು.

ಹಂಗಾಗಿ ಮೊದಲ ದುಡ್ಡು ಕಳೆ ಮಿಷನ್ನಿಗೆ, ಅಂದ್ರೆ ಬ್ರಶ್ ಕಟರ್. ಇದರಲ್ಲಿ ಕಡಿಮೆ ರೇಟಿನ ಹೆಸರಿಲ್ಲದ ಮಾಲು ಬೇಡವೇ ಬೇಡ, ನಿಮ್ಮ ಜಾಗಕ್ಕೆ ವರ್ಷದಲ್ಲಿ ಎರಡು ಮೂರು ಸಲ ಪೂರ್ತಿ ಕೊಚ್ಚಬೇಕು, ಅದು ತಡಿಯಲ್ಲ. ಟೂ ಸ್ಟ್ರೋಕ್ ಹಗುರ, ಬ್ಯಾಣದ ಲಂಟಾನಕ್ಕೆ ದಮ್ಮೂ ಚೆನ್ನಾಗಿರುತ್ತೆ, ಆದ್ರೆ ಆಯಿಲ್ ಬೆರೆಸಿದ ಪೆಟ್ರೋಲೇ ಹಾಕ್ಬೇಕು, ಒಳ್ಳೆ ಟೂಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ಲಾದ್ರೆ ಸಾಮಾನ್ಯವಾಗಿ ಲೀಟರಿಗೆ 20 ಎಂಎಲ್, ಕೆಲಸದೋರು ಮರೆತು ಬರೀ ಪೆಟ್ರೋಲ್ ಹಾಕಿದ್ರೆ ಪಿಸ್ಟನ್ ಹಿಡ್ಕೊಳುತ್ತೆ. ಮಿಷನ್ ಬೇರೆಬೇರೆ ಕೈಗೆ ಹೋಗೋದಾದ್ರೆ ಫೋರ್ ಸ್ಟ್ರೋಕ್ ತಗೊಳಿ, ಹೊಂಡಾದ 35 ಸಿಸಿ ಇಂಜಿನ್ ಹೆಂಗೆ ಓರೆ ಹಿಡಿದ್ರೂ ಓಡುತ್ತೆ, ಆಯಿಲ್ ಬೇರೆ ಪೆಟ್ರೋಲ್ ಬೇರೆ. ಧರೆ ಹತ್ತಿ ಇಳಿಯೋ ಜಾಗಕ್ಕೆ ಬೆನ್ನಿಗೆ ಹಾಕ್ಕೊಳೋದು ಸಲೀಸು, ಒಳಗಿನ ಕೇಬಲ್ಲಿಗೆ ಗ್ರೀಸ್ ಹಾಕ್ತಾ ಇರ್ಬೇಕು ಅಷ್ಟೆ. ಸಮ ಇರೋ ಕಡೆ ಸೈಡ್ ಬೆಲ್ಟಿಂದು.

ಎಳೆ ಹುಲ್ಲಿಗೆ ನೈಲಾನ್ ದಾರ, ಬಲಿತ ಕಳೆಗೆ ಮೂರು ಹಲ್ಲಿನ ಬ್ಲೇಡು, ದಪ್ಪ ಕಾಂಡಕ್ಕೆ 80 ಹಲ್ಲಿಂದು. ಅಡಿಕೆ ಸಸಿ ಸುತ್ತ ಮಾತ್ರ ಕತ್ತಿಲೇ ಬಿಡಿಸ್ರಿ, ದಾರ ತಾಗಿದ್ರೆ ಬುಡದ ಸಿಪ್ಪೆ ಸುಲಿದು ಹೋಗುತ್ತೆ. ಮುಖಕ್ಕೆ ಶೀಲ್ಡ್, ಕಾಲಿಗೆ ಗಂಬೂಟು ಇಲ್ದೆ ಮಿಷನ್ ಸ್ಟಾರ್ಟ್ ಮಾಡ್ಬೇಡಿ, 50 ಅಡಿ ಒಳಗೆ ಯಾರೂ ಇರಬಾರದು. ಹುಲ್ಲೊಳಗಿನ ಜಂಬಿಟ್ಟಿಗೆ ಚೂರು ಹೆಂಗೆ ಹಾರುತ್ತೆ ಅಂತ ನೋಡಿದೋರಿಗೇ ಗೊತ್ತು.

ಇನ್ನೊಂದು, ಕಂಪನಿಗಿಂತ ಮುಂಚೆ ಮೆಕ್ಯಾನಿಕ್ ಹುಡುಕಿ. ತೀರ್ಥಹಳ್ಳಿ ಪೇಟೇಲೇ ಬಿಚ್ಚಿ ಕಟ್ಟೋರಿದ್ದು ಪಾರ್ಟ್ಸ್ ಸಿಗ್ತಿದ್ರೆ ಅದನ್ನೇ ತಗೊಳಿ. ಜುಲೈಲಿ ಒಂದು ಸಣ್ಣ ಪಾರ್ಟಿಗೆ ಶಿವಮೊಗ್ಗಕ್ಕೆ ಹೋಗಿ ಬರೋದಂದ್ರೆ ಆ ದಿನದ ಕೆಲಸ ಹೋಯ್ತು ಅಂತ ಲೆಕ್ಕ.

ಸಾಗರದಿಂದ:
ತಮ್ಮಾ, ಮೇಲೆ ಹೇಳಿದ್ದೆಲ್ಲ ಸರಿ ಇದೆ, ಆದ್ರೆ 5 ಎಕರೆ ಅಡಿಕೆ ಇಟ್ಕೊಂಡು ಔಷಧಿ ಹೊಡಿಯೋದನ್ನ ಯಾರೂ ಹೇಳ್ಲಿಲ್ಲ. ಕಳೆ ಒಂದು ತಿಂಗಳು ತಡ ಆದ್ರೆ ನಡಿಯುತ್ತೆ, ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ತಡ ಆದ್ರೆ ಆ ವರ್ಷದ ಫಸಲೇ ಕೆಳಗೆ ಬೀಳುತ್ತೆ. ಮಳೆ ಹಿಡಿಯೋ ಮುಂಚೆ ಒಂದ್ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದ್ಸಲ, ಮಳೆ ಬಿಡುವು ಕೊಡೋದೇ ಒಂದೆರಡು ದಿನ, ಆವತ್ತೇ ಕೊನೆಗೌಡ್ರು (ಅಡಿಕೆ ಮರ ಹತ್ತೋರು) ಎಲ್ಲರ ಮನೇಲೂ ಬೇಕು. ನಮ್ಮನೇಲಿ ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು), ಜೋರು ಒತ್ತಡದಲ್ಲಿ ಔಷಧಿ ಹೊಡಿಯೋ ಎಚ್‌ಟಿಪಿ ಪಂಪು, ನೆಲದ ಮೇಲೆ ನಿಂತೇ ಹೊಡಿಯೋದು. ನನ್ನ ಕೇಳಿದ್ರೆ ಕಳೆ ಮಿಷನ್ ಜೊತೆಗೇ ಇದನ್ನೂ ತಗೊಳಿ. ದೋಟಿ ತಗೊಳೋವಾಗ ನಿಮ್ಮ ತೋಟಕ್ಕೇ ತರಿಸಿ ಎತ್ತಿ ನೋಡಿ, ಪೂರ್ತಿ ಉದ್ದ ಬಿಟ್ಟಾಗ ಬಳುಕೋದು ಅಂಗಡೀಲಿ ಗೊತ್ತಾಗಲ್ಲ. ಕರೆಂಟ್ ತಂತಿ ಹತ್ರ ದೋಟಿ ಎತ್ಲೇಬೇಡಿ, ಕಾರ್ಬನ್ನಲ್ಲಿ ಕರೆಂಟ್ ಹರಿಯುತ್ತೆ, ಜೀವಕ್ಕೇ ಅಪಾಯ. ಬೋರ್ಡೋ ಹೊಡೆದ ದಿನ ರಾತ್ರಿ ಎಷ್ಟೇ ಸುಸ್ತಾಗಿದ್ರೂ ಪಂಪಿಗೆ ಒಳ್ಳೆ ನೀರು ಓಡಿಸಿಯೇ ಮಲಗಿ.

ಬ್ಯಾಣ ಕೊಚ್ಚೋ ಕೆಲಸ ನವೆಂಬರ್ ಡಿಸೆಂಬರ್ ಒಳಗೆ ಮುಗಿಸಿ. ಆಮೇಲೆ ಬೇಸಿಗೆ ತನಕ ಉಣುಗಿನ (ರಕ್ತ ಹೀರೋ ಸಣ್ಣ ಹುಳ) ಕಾಟ, ಅದರಿಂದ ಹರಡೋ ಮಂಗನ ಕಾಯಿಲೆ ಸೀಸನ್ನೂ ಅದೇ. ಕಾಯಿಲೆ ಮೊದ್ಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಲ್ಲಿ, 1957ರಲ್ಲಿ. ಹೋಗಲೇಬೇಕಾದ್ರೆ ಆರೋಗ್ಯ ಇಲಾಖೆಯೋರು ಕೊಡೋ, ಉಣುಗು ಹತ್ತದಂಗೆ ತಡೆಯೋ ಡೆಪಾ ಎಣ್ಣೆ ಹಚ್ಕೊಂಡು, ತುಂಬು ಬಟ್ಟೆ ಹಾಕ್ಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರು ಸ್ನಾನ. ಮಂಗ ಸತ್ತು ಬಿದ್ದಿದ್ದು ಕಂಡ್ರೆ ಆ ಕಡೆ ಹೋಗದೇ ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೊಪ್ಪದಿಂದ:
ಪೆಟ್ರೋಲ್ ವಿಷ್ಯ ಸೇರಿಸ್ತೀನಿ. ಈಗಿನ ಎಥೆನಾಲ್ ಪೆಟ್ರೋಲ್ ನಮ್ಮ ಕಡೆ ಥಂಡಿಗೆ ನೀರು ಎಳ್ಕೊಳುತ್ತೆ, ತಿಂಗಳುಗಟ್ಟಲೆ ಮಿಷನ್ನಲ್ಲೇ ಬಿಟ್ರೆ ಕಾರ್ಬೊರೇಟರ್ ಕಟ್ಟಿಕೊಳುತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಅದೇ ನಿಲ್ಲೋ ತನಕ ಓಡಿಸಿ ಇಡಿ.

ಚೈನ್ ಸಾ ಬೇಕೇ ಬೇಕು, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ರೆ ಯಾರೂ ಬರಲ್ಲ. 16 ಇಂಚಿನ ಬಾರ್ ಸಾಕು. ಆದ್ರೆ ಬಿದ್ದ ಮರ ಬೇರೆ, ನಿಂತ ಮರ ಬೇರೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದಲ್ಲೂ ಸುಮಾರು ಜಾತಿ ಮರಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು.

ಹೊಸನಗರದಿಂದ:
ಸಾಗರದ ಅಕ್ಕ ಹೇಳಿದ್ದು ಒಪ್ಪಿದೆ, ದೋಟಿ ಪಂಪು ಮೇಲಕ್ಕೆ ಬರಲಿ. ಸಬ್ಸಿಡಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ನಂಬರ್) ಬೇಕು, ಪಹಣಿ ಅಪ್ಪಯ್ಯನ ಹೆಸರಲ್ಲಿದ್ರೆ ಅರ್ಜಿನೂ ಅವರ ಹೆಸರಲ್ಲೇ ಹಾಕಿಸಿ. ರೈತ ಸಂಪರ್ಕ ಕೇಂದ್ರದಲ್ಲೂ ತೋಟಗಾರಿಕೆ ಇಲಾಖೆಲೂ ಎರಡೂ ಕಡೆ ವಿಚಾರಿಸಿ, ಮತ್ತೆ ಮಿಷನ್ ತಗೊಂಡು ಆಮೇಲೆ ಅರ್ಜಿ ಕೊಡೋಣ ಅಂತ ಕೂರಬೇಡಿ, ಮುಂಚೆನೇ ಕೊಡಿ. ಇರುವಕ್ಕಿ ಕೃಷಿ ತೋಟಗಾರಿಕೆ ಯೂನಿವರ್ಸಿಟಿಯೋರ ಕೃಷಿ ಮೇಳ ಯಾವಾಗ ಅಂತ ಕೇಳ್ಕೊಂಡು ಹೋಗಿ, ನಾಲ್ಕೈದು ಕಂಪನಿದು ಒಟ್ಟಿಗೆ ಬೆನ್ನಿಗೆ ಹಾಕಿ ನೋಡಬಹುದು.