ಆರ್ಕೇಡ್ ರೋಮ್ ಸ್ವಚ್ಛ ಮಾಡಾಕ ಹೋಗಿ ಮುಸ್ತಫಾ ಗೇಮ್ ಬಂದ್ ಆತು, ಏನ್ ಮಾಡ್ಲಿ?

ಹುಬ್ಬಳ್ಳಿಹುಡುಗ:
ನಮಸ್ಕಾರ್ರೀ ಎಲ್ಲಾರಿಗೂ. ಲ್ಯಾಪ್‌ಟಾಪ್‌ನ್ಯಾಗ ಮೇಮ್ (ಹಳೇ ಕಾಯಿನ್ ಗೇಮ್ ಕಂಪ್ಯೂಟರ್‌ನ್ಯಾಗ ಆಡಸೂ ಸಾಫ್ಟ್‌ವೇರ್) ಹಾಕ್ಕೊಂಡೀನಿ, ಗೆಳ್ಯಾನ ಪೆನ್‌ಡ್ರೈವ್‌ನಿಂದ ಎರಡ ಸಾವಿರ ರೋಮ್ ಜಿಪ್ (ಗೇಮಿನ ಚಿಪ್‌ನಿಂದ ತಗದ ಫೈಲ್) ಕಾಪಿ ಮಾಡ್ಕೊಂಡಿದ್ದೆ, ಒಂದ ಗೇಮಿಗೆ ನಾಕ್ನಾಕ್ ಫೈಲ್ ಇದ್ವು, ಹಂಗಾಗಿ ನಿನ್ನೆ ರಾತ್ರಿ ಕುಂತು ಡಬಲ್ ಇದ್ದದ್ದೆಲ್ಲಾ ತಗದೆ. ಮುಸ್ತಫಾ ಗೇಮಿನ (ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್) ಫೈಲ್‌ನ್ಯಾಗ ಡೈನೊ ಡಿಲೀಟ್ ಮಾಡಿ ಡೈನೊಯು ಇಟ್ಕೊಂಡು ಅದಕ್ಕ ಮುಸ್ತಫಾ ಅಂತ ಹೆಸರ ಕೊಟ್ಟೆ. ಈಗ ಲಿಸ್ಟ್‌ನ್ಯಾಗ ಬರವಲ್ದು. ಹೆಸರ ಮೊದ್ಲಿನಂಗ ಮಾಡಿದ್ರ ಫೈಲ್ ಇಲ್ಲ ಅಂತ ಉದ್ದಕ ಪಟ್ಟಿ ತೋರಸ್ತೈತಿ. ಕಿಂಗ್ ಆಫ್ ಫೈಟರ್ಸ್ 97 ಸೈತ ಹೋತು. ಸಾಲಿ ಬಿಟ್ಟ ಮ್ಯಾಲ ದುರ್ಗದಬೈಲ್ ಕಡೆ ಕಾಯಿನ್ ಹಾಕಿ ಆಡಿದ ಗೇಮ್ ರೀ ಅವು, ಮಗಗ ತೋರಸ್ಬೇಕಂತ ಭಾಳ ಆಸೆ ಐತಿ.

ಗದಗಿನಾಂವ:
ಅಣ್ಣಾರ, ಅವು ಡಬಲ್ ಅಲ್ರೀ. ನಿಮ್ದು ಸ್ಪ್ಲಿಟ್ ಸೆಟ್ (ಒಂದ ಗೇಮಿನ ಫೈಲ್ ಬ್ಯಾರೆ ಬ್ಯಾರೆ ಜಿಪ್‌ನ್ಯಾಗ ಹಂಚಿದ್ದು) ಇದ್ದಂಗ ಕಾಣತೈತಿ. ಡೈನೊ ಪೇರೆಂಟ್ ಅಂದ್ರ ಮೂಲ ಫೈಲ್, ಡೈನೊಯು ಅಮೆರಿಕಾದ ಕ್ಲೋನ್ ಅಂದ್ರ ಅದರದ ಇನ್ನೊಂದ ರೂಪ. ಕ್ಲೋನ್ ಜಿಪ್‌ನ್ಯಾಗ ಬ್ಯಾರೆ ಇದ್ದ ಪ್ರೋಗ್ರಾಂ ಫೈಲ್ ಅಷ್ಟ ಇರ್ತಾವು, ಚಿತ್ರ ಸೌಂಡ್ ಎಲ್ಲಾ ಪೇರೆಂಟ್‌ನ್ಯಾಗ. ತಾಯಿನ್ನ ತಗದು ಕೂಸಿನ್ನ ಇಟ್ಕೊಂಡೀರಿ. ಮತ್ತ ಜಿಪ್ ಹೆಸರ ಮುಟ್ಟಬ್ಯಾಡ್ರಿ, ಮೇಮ್ ಅದ ಹೆಸರ್ಲೆ ಹುಡುಕತೈತಿ. ನಿಯೊಜಿಯೊ ಅನ್ನೊ ಜಿಪ್‌ನೂ ಗೇಮ್ ಅಲ್ಲಂತ ತಗದಿರ್ಬೇಕು ನೋಡ್ರಿ, ಅದು ಬಯೋಸ್ ಅಂದ್ರ ನಿಯೊಜಿಯೊ ಮಷೀನ್ ಶುರು ಮಾಡೂ ಫೈಲ್, ಅದಿಲ್ಲದ ಕಿಂಗ್ ಆಫ್ ಫೈಟರ್ಸ್, ಮೆಟಲ್ ಸ್ಲಗ್ ಯಾವ್ದೂ ಓಡಂಗಿಲ್ಲ.

ಧಾರವಾಡ_ಸಪ್ತಾಪುರ:
ಗದಗಿನವ್ರು ಹೇಳಿದ್ದು ಖರೆ, ಇನ್ನೊಂದ ಮಾತ ಸೇರಸ್ತೀನಿ. ಮೇಮ್ 1997ರಾಗ ಶುರುವಾತು, ಅವಾಗಿಂದ ಬೋರ್ಡಿನ ಚಿಪ್ ಮತ್ತ ಮತ್ತ ಓದಿ ಸರಿ ಮಾಡ್ಕೋಂತ ಬಂದಾರ, ಹಿಂಗಾಗಿ ಒಂದ ವರ್ಷನ್ ರೋಮ್ ಇನ್ನೊಂದಕ್ಕ ಕೂಡೂದಿಲ್ಲ. ನಾ ರಾಸ್ಪ್‌ಬೆರಿ ಪೈ ಅನ್ನೊ ಸಣ್ಣ ಕಂಪ್ಯೂಟರ್‌ನ್ಯಾಗ ಮೇಮ್ 2003 ಅನ್ನೊ ಹಳೇ ಮೇಮ್ ಹಾಕೀನಿ, ಅದಕ್ಕ 0.78 ವರ್ಷನ್ನಿನ ರೋಮ್ ಸೆಟ್ಟ ಬೇಕು. ಹೊಸಾ ಮೇಮ್ ಆದ್ರ ಮುಸ್ತಫಾಗ ಕ್ಯೂಸೌಂಡ್ ಅನ್ನೊ ಸೌಂಡ್ ಚಿಪ್ಪಿನ ಜಿಪ್‌ನೂ ಬ್ಯಾರೆ ಕೇಳತೈತಿ. ಮೊದ್ಲ ವರ್ಷನ್ ನೋಡ್ಕೊಂಡು ಅದರ ಡ್ಯಾಟ್ ಫೈಲ್ (ಯಾವ ಗೇಮಿಗೆ ಯಾವ ಫೈಲ್ ಬೇಕನ್ನೊ ಪಟ್ಟಿ) ತಗೊಂಡು ಕ್ಲಿಯರ್‌ಮೇಮ್‌ಪ್ರೊ ಇಲ್ಲಾ ರೋಮ್‌ವಾಲ್ಟ್ ಅನ್ನೊ ಸಾಫ್ಟ್‌ವೇರ್‌ನ್ಯಾಗ ಸ್ಕ್ಯಾನ್ ಮಾಡ್ರಿ, ಯಾವ್ದು ಇಲ್ಲ ಯಾವ್ದು ಕೆಟ್ಟೈತಿ ಹೆಸರ ಸಮೇತ ಹೇಳತೈತಿ. ಗೇಮಿನ ಪೂರಾ ಹೆಸರ ಮೆನುದಾಗ ತಾನ ಕಾಣಸ್ತೈತಿ, ಬೇಕಾದ್ದನ್ನ ಫೇವರಿಟ್ ಮಾಡ್ಕೊಳ್ರಿ, ಫೋಲ್ಡರ್ ಹಂಗ ಬಿಡ್ರಿ.

ಹುಬ್ಬಳ್ಳಿಹುಡುಗ:
ಪೆನ್‌ಡ್ರೈವ್‌ನ್ಯಾಗ ಹಳೇದು ಹಂಗ ಇತ್ರೀ, ಪುಣ್ಯಾ! ಡೈನೊ, ನಿಯೊಜಿಯೊ ಎರಡೂ ವಾಪಸ್ ಹಾಕಿದೆ, ಎರಡೂ ಗೇಮ್ ಎದ್ದು. ಮಗಾ ಹಳದಿ ಟೊಪ್ಪಿಗಿ ಮುಸ್ತಫಾನ್ನ ತಗೊಂಡು ಎರಡನೇ ಸ್ಟೇಜಿಗೆ ಹೋಗ್ಯಾನ, ಕೀಬೋರ್ಡಿನ್ಯಾಗ 5 ಒತ್ತಿದ್ರ ಕಾಯಿನ್ ಬೀಳತೈತಿ ಅಂತ ಹೇಳಿದ್ದ ತಡ, ಒತ್ತಾಕತ್ತಾನ. ಸ್ಕ್ಯಾನ್ ರವಿವಾರ ಮಾಡ್ತೀನ್ರಿ.