ಹಾಸನದಲ್ಲಿ ಟೀ ಫ್ರಾಂಚೈಸಿ ತಗೊಳ್ಳೋದಾ, ಲ್ಯಾಬ್ ಕಲೆಕ್ಷನ್ ಸೆಂಟರಾ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಸಿಗುತ್ತಿದೆ, ಬಾಡಿಗೆ 35,000. ಕೈಯಲ್ಲಿ 12 ಲಕ್ಷ ಇದೆ, ಅರ್ಧ ದುಡ್ಡು ಅಪ್ಪ ಜಮೀನು ಮಾರಿದ್ದು. ಒಂದು ಟೀ ಬ್ರ್ಯಾಂಡ್‌ನವರು ದಿನಕ್ಕೆ 300 ಕಪ್ ಹೋಗುತ್ತೆ, ಒಂದೇ ವರ್ಷದಲ್ಲಿ ಹಾಕಿದ್ದು ವಾಪಸ್ ಅಂತಿದ್ದಾರೆ. ಕಪ್ 20 ರೂಪಾಯಿ, ಫ್ರಾಂಚೈಸಿ ಫೀ 5 ಲಕ್ಷ, ಮಾರಾಟದಲ್ಲಿ ಕಂಪನಿಗೆ ಕೊಡೋ ರಾಯಲ್ಟಿ ಶೇ 5, ಅಗ್ರಿಮೆಂಟ್ 5 ವರ್ಷಕ್ಕೆ. ಶುಕ್ರವಾರದೊಳಗೆ ಟೋಕನ್ ಕೊಡಿ ಅಂತ ದಿನಾ ಫೋನ್. ಇನ್ನೊಂದು ಕಡೆ ಲ್ಯಾಬ್ ಕಲೆಕ್ಷನ್ ಸೆಂಟರ್ (ರಕ್ತದ ಸ್ಯಾಂಪಲ್ ತಗೊಂಡು ದೊಡ್ಡ ಲ್ಯಾಬಿಗೆ ಕಳಿಸೋದು) ಇದೆ, ಅದಕ್ಕೆ ಕಡಿಮೆ ದುಡ್ಡು ಸಾಕು. ಯಾವುದು ಆರಿಸಲಿ?

ರೋಕಡಿ ಪುಸ್ತಕ:
ಅವರು ಹೇಳಿದ 300 ಕಪ್ಪನ್ನೇ ನಂಬಿ ಲೆಕ್ಕ ಹಾಕೋಣ. ದಿನಕ್ಕೆ 6,000, ತಿಂಗಳಿಗೆ 1,80,000. ಹಾಲು, ಪುಡಿ, ಸಕ್ಕರೆ, ಕಪ್ಪು ಎಲ್ಲ ಸೇರಿ ಶೇ 40 ಅಂದರೆ 72,000. ಬಾಡಿಗೆ 35,000. ಮೂರು ಜನ ಹುಡುಗರಿಗೆ 48,000. ಕರೆಂಟು, ಗ್ಯಾಸ್ 8,000. ರಾಯಲ್ಟಿ 9,000, ಅದರ ಮೇಲೆ ಶೇ 18 ಜಿಎಸ್‌ಟಿ 1,620. ಉಳಿಯೋದು 6,380. ವರ್ಷಕ್ಕೆ 20 ಲಕ್ಷ ದಾಟೋದರಿಂದ ನೀವೂ ಶೇ 5 ಜಿಎಸ್‌ಟಿ ಕಟ್ಟಬೇಕು. 20 ರೂಪಾಯಿಯಲ್ಲೇ ಅದು ಸೇರಿದ್ದರೆ ಸುಮಾರು 8,500 ಹೋಗುತ್ತೆ, ಅಂದರೆ ಪ್ರತಿ ತಿಂಗಳು ನೀವೇ ಕೈಯಿಂದ ಹಾಕಬೇಕು. ಇದರಲ್ಲಿ ನಿಮ್ಮ ಸಂಬಳ ಸೇರಿಸೇ ಇಲ್ಲ.

ಇನ್ನೊಂದು ವಿಷಯ ಅವರು ಹೇಳಿರಲ್ಲ. ಶೇ 5 ಕಟ್ಟೋ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕೊಟ್ಟ ಜಿಎಸ್‌ಟಿಯನ್ನ ತಾನು ಕಟ್ಟೋದರಲ್ಲಿ ಕಳೆದುಕೊಳ್ಳೋ ಅವಕಾಶ) ಸಿಗಲ್ಲ, ಹಾಗಾಗಿ 5 ಲಕ್ಷ ಫೀ ಮೇಲಿನ 90,000 ಜಿಎಸ್‌ಟಿ ನಿಮ್ಮ ಜೇಬಿಂದಲೇ ಹೋಗುತ್ತೆ. ಮತ್ತೆ ರಾಯಲ್ಟಿ ಮಾರಾಟದ ಮೇಲೆ, ಲಾಭದ ಮೇಲಲ್ಲ. ನಿಮಗೆ ನಷ್ಟ ಆದ ತಿಂಗಳೂ ಅವರಿಗೆ ಬರುತ್ತೆ.

ಮಲ್ನಾಡ್ ಗಾಳಿ:
ಅಣ್ಣ, ಅವರು ತೋರಿಸೋ ಅಂಗಡಿಗೆ ಹೋಗಬೇಡಿ, ಅದು ಚೆನ್ನಾಗೇ ನಡೀತಿರುತ್ತೆ. ಮುಚ್ಚಿದ್ದನ್ನ ಹುಡುಕಿ. ಮ್ಯಾಪ್‌ನಲ್ಲಿ ಬ್ರ್ಯಾಂಡ್ ಹೆಸರು ಹಾಕಿದರೆ ಕೆಲವು ಕಡೆ ಶಾಶ್ವತವಾಗಿ ಮುಚ್ಚಿದೆ ಅಂತ ಬರುತ್ತೆ, ಅಲ್ಲಿಗೆ ಹೋಗಿ ಪಕ್ಕದ ಅಂಗಡಿಯವರನ್ನ ಕೇಳಿ, ಮಾಲೀಕರ ನಂಬರ್ ಸಿಕ್ಕರೂ ಸಿಗುತ್ತೆ. ಯಾಕೆ ಮುಚ್ಚಿದಿರಿ, ಡೆಪಾಸಿಟ್ ವಾಪಸ್ ಬಂತಾ, ಪುಡಿ ಮತ್ತು ಕಪ್ಪು ಕಂಪನಿಯಿಂದಲೇ ಕೊಳ್ಳಬೇಕಿತ್ತಾ, ಹೊರಗಿನ ರೇಟಿಗಿಂತ ಎಷ್ಟು ಜಾಸ್ತಿ? ಈ ಕೊನೇದನ್ನ ಬಿಡಬೇಡಿ. ಕೆಲವು ಕಂಪನಿಗಳಿಗೆ ನಿಮ್ಮ ಅಂಗಡಿಯಲ್ಲಿ ಟೀ ಮಾರಾಟ ಆಗೋದಕ್ಕಿಂತ ನಿಮಗೆ ಮಾಲು ಮಾರೋದರಲ್ಲೇ ದುಡ್ಡು ಜಾಸ್ತಿ.

ಅಮೆರಿಕದಲ್ಲಿ ಸಹಿ ಹಾಕಿಸೋ ಕನಿಷ್ಠ 14 ದಿನ ಮುಂಚೆ, ಮುಚ್ಚಿದ ಅಂಗಡಿಗಳ ಲೆಕ್ಕವೂ ಸೇರಿ ಎಲ್ಲ ವಿವರದ ದಾಖಲೆ ಕೊಡಲೇಬೇಕು. ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಬೇರೆ ಕಾನೂನಿಲ್ಲ, 1872ರ ಕರಾರು ಕಾಯ್ದೆಯೇ ಗತಿ. ನೀವಾಗಿ ಕೇಳದಿದ್ದರೆ ಯಾರೂ ಹೇಳಲ್ಲ. ಅದಕ್ಕೇ ಶುಕ್ರವಾರ ಅಂತ ಆತುರ ಮಾಡೋದು. ದಯವಿಟ್ಟು ಟೋಕನ್ ಕೊಡಬೇಡಿ.

ಸಂತೆಪೇಟೆ:
ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟ್‌ನಲ್ಲಿ 100 ರೂಪಾಯಿ ಕಟ್ಟಿದರೆ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡಬಹುದು, ಆದಾಯದಲ್ಲಿ ಫೀ ಎಷ್ಟು, ರಾಯಲ್ಟಿ ಎಷ್ಟು ಅಂತ ಬಿಡಿಸಿ ತೋರಿಸಿದ್ದಾರಾ ನೋಡಿ. ಹೊಸಬರು ಕಟ್ಟೋ ಫೀ ಮೇಲೇ ಕಂಪನಿ ನಡೀತಿದ್ದರೆ ದೂರ ಇರಿ. ಬ್ರ್ಯಾಂಡ್ ಹೆಸರು 43ನೇ ಕ್ಲಾಸ್‌ನಲ್ಲಿ (ಹೋಟೆಲ್, ಊಟ-ತಿಂಡಿ ಸೇವೆಯ ವಿಭಾಗ) ಟ್ರೇಡ್‌ಮಾರ್ಕ್ ಆಗಿದೆಯಾ ಅಂತ ಪುಕ್ಕಟೆಯಾಗೇ ಹುಡುಕಬಹುದು. ದುಡ್ಡನ್ನ ಯಾರದೋ ಸ್ವಂತ ಖಾತೆಗೆ ಮಾತ್ರ ಹಾಕಬೇಡಿ. ಅಮುಲ್ ಹೆಸರಲ್ಲೇ ನಕಲಿ ವೆಬ್‌ಸೈಟ್ ಮಾಡಿ ಮೋಸ ಮಾಡಿದವರಿದ್ದಾರೆ.

ಲ್ಯಾಬ್ ಕಲೆಕ್ಷನ್‌ನಲ್ಲಿ ಮಾಲು ಕೆಡೋ ತಲೆನೋವಿಲ್ಲ, ಆದರೆ ಹತ್ತಿರದ ಡಾಕ್ಟರುಗಳು ಯಾವ ಲ್ಯಾಬಿಗೆ ಬರೆದುಕೊಡುತ್ತಾರೆ ಅನ್ನೋದರ ಮೇಲೆ ನಿಮ್ಮ ವ್ಯಾಪಾರ ನಿಂತಿದೆ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ.

ಹಾಸನದ ಹುಡುಗ:
ತುಂಬಾ ಥ್ಯಾಂಕ್ಸ್. ಲೆಕ್ಕ ಅಪ್ಪನಿಗೂ ತೋರಿಸಿದೆ. ಮಳಿಗೆಯವರು 11 ತಿಂಗಳ ಅಗ್ರಿಮೆಂಟ್ ಮಾತ್ರ ಕೊಡ್ತಾರಂತೆ, ಪರವಾಗಿಲ್ವಾ?

ರೋಕಡಿ ಪುಸ್ತಕ:
ಪರವಾಗಿಲ್ಲ ಅನ್ನೋ ಹಾಗೇ ಇಲ್ಲ! ಕಂಪನಿ ಜೊತೆ 5 ವರ್ಷ, ಮಳಿಗೆ ಜೊತೆ 11 ತಿಂಗಳು. ಓನರ್ ಖಾಲಿ ಮಾಡಿ ಅಂದರೆ ಇಂಟೀರಿಯರ್ ದುಡ್ಡು ಗೋಡೆಯಲ್ಲೇ ಉಳಿಯುತ್ತೆ, ಕಂಪನಿಯವರು ಬೇರೆ ಅಗ್ರಿಮೆಂಟ್ ಮುರಿದಿರಿ ಅಂತಾರೆ. 5 ವರ್ಷಕ್ಕೆ ರಿಜಿಸ್ಟರ್ ಆದ ಲೀಸ್ ಕೊಡ್ತಾರಾ ಕೇಳಿ. ಇಲ್ಲ ಅಂದರೆ ಬೇರೆ ಮಳಿಗೆ ನೋಡಿ.